ಕಾಗದ ಹಿಗ್ಗುವ ಊರಿನಲ್ಲಿ ಬಣ್ಣದ ಅಚ್ಚು

ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆ ಕೈಗೆ ಬಂದರೆ ನಾನು ಮೊದಲು ನೋಡುವುದು ದೇವರ ಮುಖದ ಅಂಚನ್ನು. ದಿನ, ಮುಹೂರ್ತವೆಲ್ಲ ಆಮೇಲೆ. ತಿಲಕದ ಪಕ್ಕದಲ್ಲಿ ಗುಲಾಬಿ ನೆರಳೊಂದು ಕಂಡರೆ ರಿಜಿಸ್ಟರ್, ಅಂದರೆ ಬಣ್ಣಗಳು ಒಂದರ ಮೇಲೊಂದು ಕೂರುವ ಹೊಂದಾಣಿಕೆ, ತಪ್ಪಿದೆ ಎಂದೇ ಅರ್ಥ. ವರ್ಕಾಡಿ, ಮಂಜೇಶ್ವರದ ಕಡೆ ನೇಮ, ಜಾತ್ರೆ, ಯಕ್ಷಗಾನ ಬಯಲಾಟ, ಮದುವೆ ಯಾವುದಿದ್ದರೂ ಬಣ್ಣದ ಕಾಗದವೊಂದು ಮನೆಗೆ ಬರುತ್ತದೆ. ಎಸೆಯುವ ಮುನ್ನ ಅದನ್ನೊಮ್ಮೆ ಭೂತಗನ್ನಡಿ ಹಿಡಿದು ನೋಡಿ.

ಕುಂಕುಮದ ಕೆಂಪಿಗೆಂದು ಅಲ್ಲಿ ಬೇರೆ ಶಾಯಿ ಇಲ್ಲ. ಮಜೆಂಟಾ ಮತ್ತು ಹಳದಿ ಚುಕ್ಕಿಗಳು ಸೇರಿ ಕಣ್ಣಿಗೆ ಕೆಂಪಾಗುತ್ತವೆ. ಇವೆರಡರ ಜೊತೆಗೆ ಸಯಾನ್, ಕಪ್ಪು; ಲೋಕದ ಬಣ್ಣಗಳೆಲ್ಲ ಹೆಚ್ಚುಕಡಿಮೆ ಈ ನಾಲ್ಕರಿಂದಲೇ. ಚುಕ್ಕಿಗಳ ಸಾಲು ಸಾಮಾನ್ಯವಾಗಿ ಕಪ್ಪಿಗೆ 45 ಡಿಗ್ರಿ, ಮಜೆಂಟಾಕ್ಕೆ 75, ಸಯಾನ್‌ಗೆ 15, ಹಳದಿಗೆ 0. ಕೋನಗಳು ತಪ್ಪಿದರೆ ಚಿತ್ರದ ಮೇಲೆ ಬಲೆಯಂಥ ಅಲೆಗಳೇಳುತ್ತವೆ. ಬಂಗಾರ ಮಾತ್ರ ಈ ನಾಲ್ಕರಲ್ಲಿ ಹುಟ್ಟುವುದಿಲ್ಲ. ವೇಷದ ಕಿರೀಟ ಕಾಗದದಲ್ಲಿ ನಿಜವಾಗಿ ಹೊಳೆಯಬೇಕಾದರೆ ಐದನೆಯ ಶಾಯಿ ಬೇಕು, ಇಲ್ಲವೇ ಫಾಯಿಲ್.

ಇಂಥ ಕಾಗದಗಳನ್ನು ಅಚ್ಚುಮಾಡುವ ಆಫ್‌ಸೆಟ್ ಮುದ್ರಣ ನಡೆಯುವುದು ಎಣ್ಣೆ, ನೀರು ಒಂದಕ್ಕೊಂದು ಸೇರದ ಕಾರಣ. ಪ್ಲೇಟಿನಲ್ಲಿ ಚಿತ್ರವಿರುವ ಜಾಗ ಜಿಡ್ಡಿನ ಶಾಯಿ ಹಿಡಿಯುತ್ತದೆ. ಖಾಲಿ ಜಾಗ ನೀರು ಹಿಡಿದು ಶಾಯಿಯನ್ನು ದೂಡುತ್ತದೆ. ಈ ವಿದ್ಯೆ ನಮ್ಮ ಕರಾವಳಿಗೆ ಹಳತು. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದು. ಕಲ್ಲಿನ ಜಾಗಕ್ಕೆ ಅಲ್ಯೂಮಿನಿಯಂ ಪ್ಲೇಟು ಬಂತು, ನಡುವೆ ರಬ್ಬರಿನ ಬ್ಲಾಂಕೆಟ್ ಸೇರಿತು, ತತ್ವ ಬದಲಾಗಲಿಲ್ಲ. ಕಿಟೆಲ್ ನಿಘಂಟು 1894ರಲ್ಲಿ ಹೊರಬಂದದ್ದು ಅದೇ ಬಾಸೆಲ್ ಮಿಷನ್ ಅಚ್ಚುಕೂಟದಿಂದ. ಅಲ್ಲಿ ದುಡಿದ ಜಾರ್ಜ್ ಪ್ಲೆಬ್ಸ್ಟ್ ಅವರೇ 1865ರಲ್ಲಿ ಮಂಗಳೂರಿನ ಹಂಚಿನ ಕಾರ್ಖಾನೆಯನ್ನೂ ಶುರುಮಾಡಿದರು. ಅಚ್ಚಿನ ಕೆಲಸ ಕಲಿತ ಕೈ ಎಲ್ಲಿಯೂ ಸೋಲದು ಎಂದು ನಾನು ನಂಬುವುದಕ್ಕೆ ಅವರೂ ಒಂದು ಕಾರಣ.

ಇಲ್ಲಿ ನಿಜವಾದ ಪರೀಕ್ಷೆ ಮಳೆಗಾಲದ್ದು. ಕಾಗದ ತೇವ ಹೀರಿ ಹಿಗ್ಗುತ್ತದೆ, ನಾರಿನ ಅಡ್ಡದಿಕ್ಕಿಗೆ ಹೆಚ್ಚು. ಎರಡು ಬಣ್ಣದ ಯಂತ್ರವಾದರೆ ಮೊದಲೆರಡು ಬಣ್ಣ ಹೊಡೆದು, ಹಾಳೆಯನ್ನು ಮತ್ತೆ ಉಣಿಸಬೇಕು. ಅಷ್ಟರೊಳಗೆ ಅದು ಕೂದಲೆಳೆಯಷ್ಟು ಬೆಳೆದರೂ ಸಾಕು, ದೇವರ ಮುಖಕ್ಕೆ ಎರಡು ಅಂಚು. ಬಲ್ಲ ಆಪರೇಟರ್ ರೀಮುಗಳನ್ನು ಮೊದಲೇ ಯಂತ್ರದ ಕೋಣೆಯಲ್ಲಿಟ್ಟು ಅಲ್ಲಿಯ ಹವೆಗೆ ಹೊಂದಿಸುತ್ತಾರೆ. ನೀರು ಹೆಚ್ಚಾದರೆ ಬಣ್ಣ ಸಪ್ಪೆ, ಕಡಿಮೆಯಾದರೆ ಬಿಳಿ ಜಾಗಕ್ಕೂ ಶಾಯಿ ಮೆತ್ತುತ್ತದೆ. ಈ ಹದವನ್ನು ಯಾವ ಪುಸ್ತಕವೂ ಪೂರ್ತಿ ಹೇಳಿಕೊಡಲಾರದು.

ಪ್ಲಸ್ ಟು ಮುಗಿಸಿದ ಹುಡುಗ ಹುಡುಗಿಯರು ಕೆಲಸದ ಬಗ್ಗೆ ಕೇಳಿದರೆ ನಾನು ಮಣಿಪಾಲದ ಕಡೆ ಕೈ ತೋರಿಸುತ್ತೇನೆ. 1970ರಲ್ಲಿ ‘ಉದಯವಾಣಿ’ ಹುಟ್ಟಿದ ಊರು, ಬ್ಯಾಂಕುಗಳ ಚೆಕ್ ಪುಸ್ತಕ ಅಚ್ಚಾಗುವ ಊರು. ಮುದ್ರಣವನ್ನು ಎಂಜಿನಿಯರಿಂಗ್ ಆಗಿ ಕಲಿಸಿದ ಊರೂ ಹೌದು. ಪತ್ರಿಕೆ ಓದುವವರು ಕಡಿಮೆಯಾದರೂ ಔಷಧದ ಪೆಟ್ಟಿಗೆ, ಗೋಡಂಬಿಯ ಪ್ಯಾಕೆಟ್ ಅಚ್ಚಾಗಲೇಬೇಕು. ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವವರು ಬೇಕಾದಷ್ಟಿದ್ದಾರೆ. ಮೊಬೈಲಿನಲ್ಲಿ ಹೊಳೆದ ನೀಲಿ ಕಾಗದದಲ್ಲಿ ಏಕೆ ಮಂಕಾಗುತ್ತದೆಂದು ಗಿರಾಕಿಗೆ ಮೊದಲೇ ತಿಳಿಸಿ, ಪ್ರೂಫನ್ನು ಹಗಲು ಬೆಳಕಿನಲ್ಲಿ ತೋರಿಸಿ ಒಪ್ಪಿಗೆ ಪಡೆಯಬಲ್ಲವರು ಕಡಿಮೆ. ಅಂಥವರಾಗಬೇಕೆಂದರೆ ವಿನ್ಯಾಸ ಕಲಿಯುವಾಗಲೇ ಒಂದು ಮಳೆಗಾಲ ಪೂರ್ತಿ ಯಂತ್ರದ ಪಕ್ಕ ನಿಲ್ಲಬೇಕು.