ಜನಗಣತಿಯಲ್ಲಿ ‘ಕೆಲಸಗಾರ’ ಶಬ್ದದ ಅರ್ಥವಿಚಾರ

ಭಾರತದ ಜನಗಣತಿಯ ವೃತ್ತಿಪಟ್ಟಿಗಳನ್ನು ಕ್ರಮವಾಗಿ ಓದಿಕೊಂಡು ಬರುವವರಿಗೆ 1961 ಮತ್ತು 1971ನೆಯ ಇಸವಿಗಳ ನಡುವೆ ಒಂದು ವೈಚಿತ್ರ್ಯವು ತೋರಿಬರುತ್ತದೆ. ಈ ದಶಕದಲ್ಲಿ ದೇಶದ ಜನಸಂಖ್ಯೆಯು ಸುಮಾರು 44 ಕೋಟಿಯಿಂದ 55 ಕೋಟಿಗೆ ಏರಿತು; ಕೆಲಸಗಾರರ ಮೊತ್ತವಾದರೋ ಸುಮಾರು 18.9 ಕೋಟಿಯಿಂದ 18 ಕೋಟಿಗೆ ಇಳಿಯಿತು. ಪುರುಷರ ಲೆಕ್ಕವು ಸುಮಾರು 2 ಕೋಟಿಯಷ್ಟು ಹೆಚ್ಚಿತು. ಇಳಿತವೆಲ್ಲವೂ ಸ್ತ್ರೀಯರ ಪಾಲಿನದು: ಅವರ ಸಂಖ್ಯೆಯು ಸುಮಾರು 5.9 ಕೋಟಿಯಿಂದ 3.1 ಕೋಟಿಗೆ ಕುಸಿಯಿತು.

ಇಷ್ಟರಿಂದಲೇ ಹತ್ತು ವರ್ಷಗಳಲ್ಲಿ ಸ್ತ್ರೀಯರ ದುಡಿಮೆಯು ಅರ್ಧಕ್ಕೆ ಸಮೀಪವಾಗಿ ಕುಂದಿತೆಂದು ನಿರ್ಣಯಿಸುವುದು ಸುಲಭವಾದರೂ ಯುಕ್ತವಲ್ಲ. ಎರಡು ಓಲೆಪ್ರತಿಗಳಲ್ಲಿ ಪಾಠಭೇದವು ಕಂಡುಬಂದಲ್ಲಿ, ಅದು ಹುಟ್ಟಿದ ಬಗೆಯನ್ನು ಮೊದಲು ವಿಚಾರಿಸುವುದು ಸಂಪಾದಕನ ಧರ್ಮ. ಇಲ್ಲಿಯೂ ಸಂಖ್ಯೆಗಿಂತ ಮೊದಲು ಪ್ರಶ್ನೆಯನ್ನು ಪರೀಕ್ಷಿಸತಕ್ಕದ್ದು.

1961ರಲ್ಲಿ, ಬೇಸಾಯವೇ ಮೊದಲಾದ ಋತುಕಾಲದ ಉದ್ಯೋಗಗಳಲ್ಲಿ, ಋತುವಿನ ಹೆಚ್ಚು ಭಾಗದಲ್ಲಿ ದಿನಕ್ಕೆ ಒಂದು ಗಂಟೆಗೆ ಮೀರಿ ಕ್ರಮವಾಗಿ ದುಡಿದವರು ಕೆಲಸಗಾರರೆನಿಸಿದರು. 1971ರಲ್ಲಿ ಪ್ರತಿಯೊಬ್ಬರ ಮುಖ್ಯ ಕಾರ್ಯವು ಯಾವುದೆಂದು ಕೇಳಲಾಯಿತು. ಮನೆವಾರ್ತೆಯೇ ಮುಖ್ಯವೆಂದು ಬರೆಯಲ್ಪಟ್ಟವಳು ಗದ್ದೆಯಲ್ಲಿ ನಾಟಿ ಹಾಕಿದರೂ ಕಳೆ ಕಿತ್ತರೂ ಆ ಮೊತ್ತದೊಳಗೆ ಸೇರಲಿಲ್ಲ. ಅವಳ ದುಡಿಮೆಯು ಉಪಕಾರ್ಯವೆಂದು ಬೇರೆ ಅಂಕಣಕ್ಕೆ ಹೋಯಿತು. ಆದುದರಿಂದ ಈ ಇಳಿತದಲ್ಲಿ ಬಹುಭಾಗವು ಶಬ್ದಾರ್ಥದ ಸಂಕೋಚದಿಂದ ಆದುದೆಂದು ತಿಳಿಯಬೇಕು.

1981ರ ಗಣತಿಯು ವರ್ಷದಲ್ಲಿ 183 ದಿನಗಳಾದರೂ ದುಡಿದವರನ್ನು ಮುಖ್ಯ ಕೆಲಸಗಾರರೆಂದೂ, ಅದಕ್ಕಿಂತ ಕಡಿಮೆ ದುಡಿದವರನ್ನು ಅಲ್ಪಾವಧಿಯ ಕೆಲಸಗಾರರೆಂದೂ ವಿಂಗಡಿಸಿತು. ಎರಡು ವರ್ಗಗಳನ್ನೂ ಕೂಡಿಸಿ 1961ರೊಡನೆ, ಮುಖ್ಯವರ್ಗವೊಂದನ್ನೇ 1971ರೊಡನೆ ಹೋಲಿಸುವ ಪದ್ಧತಿಯು ಇದರಿಂದ ಹುಟ್ಟಿತು. ಇದು ಉಪಯುಕ್ತವಾದ ಸಮನ್ವಯವೇ ಸರಿ. ಆದರೆ ಗಂಟೆಯ ಅಳತೆಯೂ ದಿನಗಳ ಅಳತೆಯೂ ಒಂದೇ ಅಲ್ಲವಾದ ಕಾರಣ, ಇದನ್ನು ಸನ್ನಿಹಿತವೆಂದು ಹೇಳಬಹುದಲ್ಲದೆ ಸಮವೆಂದು ಹೇಳಲಾಗದು.

1881ರಿಂದ 1931ರವರೆಗಿನ ಗಣತಿಗಳನ್ನು ವಿಮರ್ಶಿಸಿದ ಡೇನಿಯಲ್ ಥಾರ್ನರ್ ಅವರು ಸ್ತ್ರೀಯರ ಅಂಕಿಗಳನ್ನು ನಂಬಲರ್ಹವಲ್ಲವೆಂದು ಬದಿಗಿರಿಸಿ, ಪುರುಷರ ಅಂಕಿಗಳನ್ನೇ ಮುಖ್ಯವಾಗಿ ಆಧರಿಸಿದರು. ಕೈಗಾರಿಕೆಗಳ ಇಳಿತವನ್ನು ಕುರಿತ ಅವರ ಪ್ರಶ್ನೆಗೆ ಆ ಎಚ್ಚರಿಕೆಯು ಸಲ್ಲುವುದು. ಅದೇ ಸಾಮಾನ್ಯ ನಿಯಮವಾದರೆ ಮಾತ್ರ, ಎಣಿಸಲು ಕಷ್ಟವಾದ ದುಡಿಮೆಯು ಇಲ್ಲದ ದುಡಿಮೆಯಾಗಿಬಿಡುವ ಅಪಾಯವುಂಟು. ನಂಬಲಾಗದ ಪಾಠವನ್ನು ಮೂಲದಿಂದ ತೆಗೆದಿಡಬಹುದು. ಅಡಿಯಲ್ಲಿ ಅದನ್ನು ಕಾಣಿಸದೆ ಬಿಡುವುದು ಸಂಪಾದನೆಯಲ್ಲ. ಮೊತ್ತಗಳನ್ನು ಹೊಂದಿಸುವವರು ಪ್ರತಿಯೊಂದು ಸಂಖ್ಯೆಯ ಪಕ್ಕದಲ್ಲಿ ಅದನ್ನು ಹುಟ್ಟಿಸಿದ ಪ್ರಶ್ನೆಯನ್ನೂ ನಮೂದಿಸುವುದು ಅವಶ್ಯವಾಗಿದೆ.