ಧಣಿಗಳ ಲೆಕ್ಕದ ಪುಸ್ತಕದಲ್ಲಿ ಬಂಡಾಯಗಾರರ ಹೆಸರು

ಬ್ರಿಟಿಷರು ದಯೆಯಿಂದ ಗುಲಾಮಗಿರಿ ರದ್ದು ಮಾಡಿದರು ಅಂತ ನಾವೆಲ್ಲ ಓದಿಕೊಂಡು ಬಂದವರು. ವಿಲ್ಬರ್‌ಫೋರ್ಸ್ ಎಂಬ ಪುಣ್ಯಾತ್ಮ ಮರುಗಿದ, ಪಾರ್ಲಿಮೆಂಟು ಕರಗಿತು, ಸಂಕೋಲೆ ಕಳಚಿತು. ಇಷ್ಟೇ ಕತೆ. ಇದನ್ನು ಒರೆಗೆ ಹಚ್ಚಬೇಕಾದರೆ ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಫ್ತರಖಾನೆಯ ಕಡತಗಳನ್ನೇ ಬಿಚ್ಚಬೇಕು.

1833ರ ಕಾಯಿದೆಯಂತೆ 2 ಕೋಟಿ ಪೌಂಡು ಪರಿಹಾರ ಹಂಚಿದರು. ಯಾರಿಗೆ? ಚಾಟಿಯೇಟು ತಿಂದವರಿಗಲ್ಲ, ಚಾಟಿ ಹಿಡಿದವರಿಗೆ. ಸುಮಾರು 8 ಲಕ್ಷ ಗುಲಾಮರಿಗೆ ಬಿಡಿಗಾಸೂ ಇಲ್ಲ. ಬಹುಪಾಲು ಜನ 1838ರವರೆಗೆ 'ಅಪ್ರೆಂಟಿಸ್' ಎಂಬ ಹೊಸ ಹೆಸರಿನಲ್ಲಿ ಅದೇ ಬಿಟ್ಟಿ ಚಾಕರಿ ಮಾಡಿದರು. ಇದಕ್ಕೆಂದು ಸರ್ಕಾರ ಎತ್ತಿದ ಸಾಲ ಪೂರಾ ತೀರಿದ್ದು 2015ರಲ್ಲಿ!

ಪರಿಹಾರ ಬಾಚಿದವರಲ್ಲಿ ಜಾನ್ ಗ್ಲಾಡ್‌ಸ್ಟನ್ ಒಬ್ಬ. ಮುಂದೆ 4 ಸಲ ಪ್ರಧಾನಿಯಾದ ವಿಲಿಯಂ ಗ್ಲಾಡ್‌ಸ್ಟನ್‌ನ ಅಪ್ಪ. 2,500ಕ್ಕೂ ಹೆಚ್ಚು ಜನರ ಲೆಕ್ಕ ಕೊಟ್ಟು 1 ಲಕ್ಷ ಪೌಂಡಿಗೂ ಮಿಗಿಲಾಗಿ ಪಡೆದ. ಡೆಮೆರಾರಾದಲ್ಲಿ, ಅಂದರೆ ಈಗಿನ ಗಯಾನಾದಲ್ಲಿ, ಅವನದೊಂದು ತೋಟವಿತ್ತು. ಹೆಸರು 'ಸಕ್ಸೆಸ್'. 1823ರ ಆಗಸ್ಟಿನಲ್ಲಿ ಬಂಡಾಯ ಸಿಡಿದದ್ದು ಅಲ್ಲೇ. ಮುಂದಾಳು ಜ್ಯಾಕ್ ಗ್ಲಾಡ್‌ಸ್ಟನ್ ಎಂಬ ಗುಲಾಮ. ಧಣಿಯ ಹೆಸರೇ ಆಳಿಗೂ, ದನಕ್ಕೆ ಬರೆ ಹಾಕಿದ ಹಾಗೆ! ಜ್ಯಾಕನ ಅಪ್ಪ ಕ್ವಾಮಿನಾ ಬಡಗಿ. ಅವನನ್ನು ಗುಂಡಿಟ್ಟು ಕೊಂದು ಅದೇ ತೋಟದ ಮುಂದೆ ಹೆಣ ನೇತುಹಾಕಿದರು. ಜ್ಯಾಕನನ್ನು ಗಡಿಪಾರು ಮಾಡಿದರು. ಸತ್ತವರು ನೂರಾರು.

ಇದೆಲ್ಲ ನಮಗೆ ತಿಳಿದದ್ದು ಹೇಗೆ? ಬಂಡೆದ್ದವರು ದಿನಚರಿ ಬರೆದಿಡಲಿಲ್ಲ. ಸೈನಿಕ ನ್ಯಾಯಾಲಯ ಶಿಕ್ಷೆ ಕೊಡಲೆಂದು ಬರೆಸಿಕೊಂಡ ಹೇಳಿಕೆಗಳೇ ಇವತ್ತು ಸಾಕ್ಷಿ. ಅದರಲ್ಲಿ ಜ್ಯಾಕನ ಮಾತೆಷ್ಟು, ಪ್ರಾಣಭಯವೆಷ್ಟು, ಬರೆದುಕೊಂಡವನ ಕೈವಾಡವೆಷ್ಟು? ಕೇಳದೆ ಓದಬಾರದು. ದಾಖಲೆಯನ್ನು ವೇದವಾಕ್ಯ ಅಂದುಕೊಂಡರೆ ಧಣಿಯ ಕಣ್ಣಲ್ಲೇ ನೋಡಿದ ಹಾಗಾಯ್ತು. ಸುಳ್ಳು ಅಂತ ಬಿಸಾಕಿದರೆ ಜ್ಯಾಕನನ್ನು ಮತ್ತೊಮ್ಮೆ ಗಡಿಪಾರು ಮಾಡಿದ ಹಾಗೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಇತಿಹಾಸಕಾರರು ಪರಿಹಾರದ ಕಡತ ಜಾಲಾಡಿ, ಸುಮಾರು 46,000 ಅರ್ಜಿಗಳ ವಿವರವನ್ನು 2013ರಲ್ಲಿ ಎಲ್ಲರ ಮುಂದಿಟ್ಟರು. ದೊಡ್ಡ ಕೆಲಸ, ಅನುಮಾನವಿಲ್ಲ. ನಮ್ಮ ತಕರಾರು ಒಂದೇ: ಪರಿಹಾರದ ಲೆಕ್ಕದಲ್ಲಿ ಹೆಸರಿರುವುದು ಒಡೆಯನಿಗೆ, ಆಳು ಬರೀ ಅಂಕಿ. ಗುಲಾಮರ ರಿಜಿಸ್ಟರುಗಳಲ್ಲಿ ಹೆಸರುಂಟು, ವಯಸ್ಸುಂಟು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದಾಗಲೇ ಆ ಅಂಕಿಗೆ ಮುಖ ಮೂಡುವುದು.

ಇನ್ನು ದಯೆಯ ಮಾತು. ಆ ಕಾಯಿದೆ ಈಸ್ಟ್ ಇಂಡಿಯಾ ಕಂಪನಿಯ ಸೀಮೆಯನ್ನು ಹೊರಗಿಟ್ಟಿತ್ತು. ಬಿಟ್ಟಿ ಆಳು ಕೈತಪ್ಪುವುದು ಖಾತ್ರಿಯಾದಾಗ ಅದೇ ಗ್ಲಾಡ್‌ಸ್ಟನ್ 1836ರಲ್ಲಿ ಕಲ್ಕತ್ತೆಗೆ ಕಾಗದ ಬರೆದು ಕೂಲಿಗಳನ್ನು ಕೇಳಿದ. 1838ರಲ್ಲಿ ಎರಡು ಹಡಗು ತುಂಬ ನಮ್ಮ ಜನ ಡೆಮೆರಾರಾ ಮುಟ್ಟಿದರು. ಅವರಲ್ಲಿ ಬಹಳ ಮಂದಿ ಛೋಟಾನಾಗಪುರದ ಆದಿವಾಸಿಗಳು.

ಮೇಷ್ಟ್ರುಗಳೇ, ಮುಂದಿನ ಸಲ ವಿಲ್ಬರ್‌ಫೋರ್ಸನ ಪಾಠ ಮಾಡುವಾಗ ಕ್ವಾಮಿನಾನ ಹೆಸರನ್ನೂ ಬೋರ್ಡಿನ ಮೇಲೆ ಬರೆಯಿರಿ. ಬಿಡುಗಡೆಯನ್ನು ಯಾರೋ ಕೊಟ್ಟರು ಅನ್ನುವ ಮೊದಲು, ಅದನ್ನು ಕೇಳಿ ಸತ್ತವರು ಯಾರು ಅಂತ ಮಕ್ಕಳು ಕೇಳಲಿ.