ಸಿರಿವಂತರ ಊರಿನ ಕೈಕೆಲಸ

ಬ್ಲೂಮ್‌ಫೀಲ್ಡ್ ಹಿಲ್ಸ್‌ನಲ್ಲಿ ಕಣ್ಣಿಗೆ ಮೊದಲು ಬೀಳುವುದು ಮರ, ಮನೆಯಲ್ಲ. ಡೆಟ್ರಾಯಿಟ್ ನಗರದ ನಡುವಿನಿಂದ ಹೊರಡುವ ವುಡ್‌ವರ್ಡ್ ಅವೆನ್ಯೂ ವಾಯವ್ಯಕ್ಕೆ ತಿರುಗಿ ಪಾಂಟಿಯಾಕ್‌ವರೆಗೆ ನಲವತ್ತು ಕಿಲೋಮೀಟರಿಗೂ ಹೆಚ್ಚು ಓಡುತ್ತದೆ. ಮೋಟಾರು ಯುಗದ ಚರಿತ್ರೆಯೆಲ್ಲ ಆ ದಾರಿಯ ಮಗ್ಗುಲಲ್ಲೇ ಇದೆ. 1909ರಲ್ಲಿ ಒಂದು ಮೈಲಿಯಷ್ಟು ಕಾಂಕ್ರೀಟು ಹಾಸಿ ಇಡೀ ದೇಶ ಬಂದು ನೋಡುವಂತೆ ಮಾಡಿದ್ದು ಈ ರಸ್ತೆಗೇ. 1913ರಲ್ಲಿ ಹೆನ್ರಿ ಫೋರ್ಡ್ ಚಲಿಸುವ ಜೋಡಣಾ ಸಾಲನ್ನು ಶುರುಮಾಡಿದ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆ ನಿಂತಿರುವುದೂ ಇದರ ಅಂಚಿನಲ್ಲೇ. ಬರ್ಮಿಂಗ್‌ಹ್ಯಾಮ್ ಪಟ್ಟಣ ದಾಟಿದ ಮೇಲೆ ಅಂಗಡಿಗಳ ಸಾಲು ಮುಗಿಯುತ್ತದೆ, ನೆಲ ಏರಿಳಿಯತೊಡಗುತ್ತದೆ, ಓಕ್ ಮತ್ತು ಮೇಪಲ್ ಮರಗಳು ಎರಡೂ ಕಡೆಯಿಂದ ಒತ್ತಿ ಬರುತ್ತವೆ. ಕಾರ್ಖಾನೆಗಳು ದುಡಿದ ಹಣ ಬಂದು ನೆಲೆಸಿದ್ದು ಇಲ್ಲಿ. ಹದಿಮೂರು ಚದರ ಕಿಲೋಮೀಟರು ನೆಲ, 2020ರ ಜನಗಣತಿಯ ಪ್ರಕಾರ ನಾಲ್ಕೂವರೆ ಸಾವಿರಕ್ಕೂ ತುಸು ಕಡಿಮೆ ಜನ. ಮಿಷಿಗನ್ ರಾಜ್ಯದ ಅತ್ಯಂತ ಶ್ರೀಮಂತ ಊರುಗಳ ಹೆಸರು ಹೇಳುವಾಗ ಈ ಊರು ಬಿಟ್ಟುಹೋಗುವುದಿಲ್ಲ.

ಆದರೆ ಬಂದವರಿಗೆ ಆ ಶ್ರೀಮಂತಿಕೆ ಕಾಣುವುದೇ ಇಲ್ಲ. ಗೇಟು, ಅದರಾಚೆ ಬಳುಕಿ ಮರೆಯಾಗುವ ಡಾಂಬರು, ಅದರಾಚೆ ಹಸಿರು, ಅಷ್ಟೇ. ಮನೆಯನ್ನು ರಸ್ತೆಗೆ ತೋರಿಸದಿರುವುದೇ ಇಲ್ಲಿಯ ಸಂಪ್ರದಾಯ. ಆ ಮರೆಯನ್ನು ನಾನು ಆಕ್ಷೇಪಿಸುವುದಿಲ್ಲ; ಅವರವರ ಮನೆ ಅವರವರದು. ನನಗೆ ಹೇಳಬೇಕಿರುವುದು ಇದೇ ಊರಿನಲ್ಲಿ ಒಬ್ಬ ಸಿರಿವಂತ ತನ್ನ ಹಣವನ್ನು ನೋಡಲು ಬಂದವರಿಗೆಲ್ಲ ಕಾಣುವಂತೆ, ಮುಟ್ಟಿದರೆ ಕೈಗೆ ಸಿಗುವಂತೆ ಮಾಡಿಟ್ಟು ಹೋದ ಜಾಗದ ಬಗ್ಗೆ. ಅದರ ಹೆಸರು ಕ್ರ್ಯಾನ್‌ಬ್ರುಕ್.

ಜಾರ್ಜ್ ಬೂತ್ ಹುಟ್ಟಿದ್ದು 1864ರಲ್ಲಿ, ಟೊರಾಂಟೊದಲ್ಲಿ. ಪತ್ರಿಕೆಯ ಒಡೆಯನಾಗುವ ಮೊದಲು ಆತ ನದಿಯಾಚೆಯ ವಿಂಡ್ಸರ್‌ನಲ್ಲಿ ಅಲಂಕಾರದ ಕಬ್ಬಿಣ ಕೆಲಸದ ಕಾರ್ಖಾನೆ ನಡೆಸುತ್ತಿದ್ದ. ಕಾದ ಕಬ್ಬಿಣ ಸುತ್ತಿಗೆಗೆ ಹೇಗೆ ಬಾಗುತ್ತದೆ ಎನ್ನುವುದು ಆತನಿಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಡೆಟ್ರಾಯಿಟ್ ನ್ಯೂಸ್ ಸ್ಥಾಪಿಸಿದ ಜೇಮ್ಸ್ ಸ್ಕ್ರಿಪ್ಸ್ ಅವರ ಮಗಳು ಎಲೆನ್‌ಳನ್ನು ಮದುವೆಯಾಗಿ, ಮಾವನ ಪತ್ರಿಕೆಗೆ ಸೇರಿ, ಮುಂದೆ ಅದನ್ನೇ ನಡೆಸಿದ. 1904ರಲ್ಲಿ ದಂಪತಿ ಇಲ್ಲೊಂದು ಪಾಳುಬಿದ್ದ ಹೊಲ ಕೊಂಡರು. ಬೂತ್‌ನ ತಂದೆ ಹುಟ್ಟಿದ್ದ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಹಳ್ಳಿಯ ಹೆಸರನ್ನೇ ಅದಕ್ಕಿಟ್ಟರು. 1908ರಲ್ಲಿ ಆಲ್ಬರ್ಟ್ ಕಾನ್ ಮನೆ ಕಟ್ಟಿಕೊಟ್ಟ. ಹೈಲ್ಯಾಂಡ್ ಪಾರ್ಕ್‌ನ ಫೋರ್ಡ್ ಕಾರ್ಖಾನೆಯ ವಾಸ್ತುಶಿಲ್ಪಿಯೂ ಇದೇ ಕಾನ್ ಎನ್ನುವುದನ್ನು ನೆನೆದರೆ ವುಡ್‌ವರ್ಡ್ ರಸ್ತೆಯ ಎರಡು ತುದಿಗಳು ಒಂದೇ ಮೇಜಿನ ಮೇಲೆ ಗೆರೆಯಾದವು ಅನ್ನಿಸುತ್ತದೆ.

ಅಲ್ಲಿಗೆ ನಿಲ್ಲಿಸಿದ್ದರೆ ಬೂತ್ ಕೂಡ ಬೇಲಿಯ ಹಿಂದಿನ ಮತ್ತೊಬ್ಬ ಧನಿಕನಾಗುತ್ತಿದ್ದ. ಆತ ಮಕ್ಕಳಿಗೆ ಶಾಲೆ ಬೇಕೆಂದ, ಚರ್ಚು ಬೇಕೆಂದ, ಕಲಿಸುವವರೂ ಕಲಿಯುವವರೂ ಮಾಡುವವರೂ ಒಟ್ಟಿಗಿರುವ ಕಲಾಶಾಲೆ ಬೇಕೆಂದ. ಅದೇ ಹೊತ್ತಿಗೆ ಫಿನ್ಲೆಂಡಿನ ಎಲಿಯೆಲ್ ಸಾರಿನೆನ್, 1922ರ ಷಿಕಾಗೊ ಟ್ರಿಬ್ಯೂನ್ ಗೋಪುರದ ಸ್ಪರ್ಧೆಯಲ್ಲಿ ಎರಡನೆಯ ಬಹುಮಾನ ಪಡೆದು ಅಮೆರಿಕಕ್ಕೆ ಬಂದಿದ್ದ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಆತನ ಶಿಷ್ಯರಲ್ಲಿ ಬೂತ್‌ನ ಮಗ ಹೆನ್ರಿಯೂ ಒಬ್ಬ. ಮಗನ ಮೂಲಕ ತಂದೆಗೆ ಗುರುವಿನ ಪರಿಚಯವಾಯಿತು. 1950ರಲ್ಲಿ ಸಾಯುವವರೆಗೂ ಸಾರಿನೆನ್ ಕ್ರ್ಯಾನ್‌ಬ್ರುಕ್ ಬಿಡಲಿಲ್ಲ.

ಆತ ತನಗಾಗಿ ಕಟ್ಟಿಕೊಂಡು 1930ರಲ್ಲಿ ಮುಗಿಸಿದ ಮನೆಯ ಊಟದ ಕೋಣೆಯಲ್ಲಿ ತುಸು ಹೊತ್ತು ನಿಲ್ಲಬೇಕು. ಕೋಣೆಗೆ ಎಂಟು ಮೂಲೆ. ಗೋಡೆಗೆ ಫರ್ ಮರದ ಹಲಗೆ, ಮೂಲೆಗಳ ಗೂಡುಗಳಿಗೆ ಕುಂಕುಮದಂಥ ಕೆಂಪು, ತಲೆಯ ಮೇಲೆ ಚಿನ್ನದ ರೇಕು ಹಚ್ಚಿದ ಗುಮ್ಮಟ, ಅದರಿಂದ ಇಳಿಬಿಟ್ಟ ಹಿತ್ತಾಳೆಯ ದೀಪ. ನಡುವೆ ಗುಂಡನೆಯ ಮೇಜು. ಅದರ ಮೇಲ್ಮೈಯಲ್ಲಿ ಬೇರೆ ಬೇರೆ ಬಣ್ಣದ ಮರದ ತೆಳು ಪಟ್ಟಿಗಳನ್ನು ಕೂಡಿಸಿ ಬಿಡಿಸಿದ ವಿನ್ಯಾಸ. ಬೆರಳಾಡಿಸಿದರೂ ಕೂಡು ಸಿಗದು ಎನ್ನಿಸುವಷ್ಟು ನಯ. ನೆಂಟರು ಬಂದರೆ ಹಲಗೆ ಸೇರಿಸಿ ಮೇಜನ್ನು ಹಿಗ್ಗಿಸಬಹುದು, ಹಿಗ್ಗಿಸಿದರೂ ಅದು ಗುಂಡಗೇ ಉಳಿಯುತ್ತದೆ. ಸಾಮಾನ್ಯ ಮೇಜು ಹಿಗ್ಗಿದರೆ ಉದ್ದವಾಗುತ್ತದೆ, ಆಗ ತಲೆಗೊಬ್ಬ ಯಜಮಾನ, ಬುಡಕ್ಕೊಬ್ಬ ಅತಿಥಿ ಹುಟ್ಟಿಕೊಳ್ಳುತ್ತಾರೆ. ಇಲ್ಲಿ ಎಷ್ಟು ಜನ ಬಂದರೂ ಯಾರೂ ಬುಡದಲ್ಲಿಲ್ಲ. ಸುತ್ತಲಿನ ಕುರ್ಚಿಗಳ ಬೆನ್ನು ಕೆಳಗೆ ಕಿರಿದಾಗುತ್ತ ಬರುವ ಉದ್ದುದ್ದ ಗೀರುಗಳಿಂದಾಗಿದೆ, ಗೀರಿನ ಸಂದಿಗೆ ಕಪ್ಪು ಬಣ್ಣ. ಕುರ್ಚಿಯಿಂದ ಕಣ್ಣೆತ್ತಿದರೆ ಅದೇ ಲಯ ಗೋಡೆಯಲ್ಲಿ, ಗೋಡೆಯಿಂದ ಕಿಟಕಿಗೆ ಹೊರಳಿದರೆ ಅಂಗಳದ ಇಟ್ಟಿಗೆಯಲ್ಲಿ. ಕುರ್ಚಿಯನ್ನು ಯೋಚಿಸುವಾಗ ಕೋಣೆಯನ್ನು, ಕೋಣೆಯನ್ನು ಯೋಚಿಸುವಾಗ ಮನೆಯನ್ನು, ಮನೆಯನ್ನು ಯೋಚಿಸುವಾಗ ಬೀದಿಯನ್ನು ಮನಸ್ಸಿನಲ್ಲಿಡಬೇಕು ಎಂಬುದು ಸಾರಿನೆನ್ ಶಿಷ್ಯರಿಗೆ ಕಲಿಸಿದ ಪಾಠ. ಅದನ್ನು ಕೇಳಿ ತಿಳಿಯುವುದಕ್ಕಿಂತ ಈ ಕೋಣೆಯಲ್ಲಿ ನಿಂತು ತಿಳಿಯುವುದು ಸುಲಭ.

ಪಕ್ಕದ ಕೋಣೆಯ ಬೆಂಕಿಗೂಡಿಗೆ ಡೆಟ್ರಾಯಿಟ್‌ನ ಪೆವಾಬಿಕ್ ಕುಂಬಾರಶಾಲೆಯ ಹಂಚು. ಮೇರಿ ಚೇಸ್ ಪೆರ್ರಿ ಸ್ಟ್ರ್ಯಾಟನ್ 1903ರಲ್ಲಿ ಆರಂಭಿಸಿದ ಆ ಕಾರ್ಯಾಗಾರ ಇಂದಿಗೂ ಹಂಚು ಸುಡುತ್ತಿದೆ. ಅವಳ ಮೆರುಗಿಗೆ ಒಂದೇ ಬಣ್ಣವೆಂಬುದಿಲ್ಲ. ನಿಂತ ಜಾಗ ಬದಲಿಸಿದರೆ ಕಂದು ಬೆಳ್ಳಿಯಾಗುತ್ತದೆ, ಬೆಳ್ಳಿ ನೇರಳೆಗೆ ತಿರುಗುತ್ತದೆ. ಗೂಡಿನೊಳಗೆ ಕಟ್ಟಿಗೆ ಹೊರುವುದಕ್ಕೆ ಕಂಚಿನ ನವಿಲುಗಳಿವೆ. ಬೆಂಕಿ ಹಚ್ಚಿದಾಗ ಉರಿಯೇ ನವಿಲಿನ ಗರಿಯಾಗಬೇಕು ಎನ್ನುವುದು ಆ ಶಿಲ್ಪದ ಆಸೆ.

ನೇಯ್ಗೆ ಸಾರಿನೆನ್‌ನ ಹೆಂಡತಿ ಲೋಯಾಳದು. 1928ರಲ್ಲಿ ಅವಳು ಇಲ್ಲೊಂದು ನೇಯ್ಗೆ ಶಾಲೆ ತೆರೆದು ಸ್ವೀಡನ್ನಿನ ನೇಕಾರ್ತಿಯರನ್ನು ಕರೆಸಿಕೊಂಡಳು. 1931ರಲ್ಲಿ ಹೆಣ್ಣುಮಕ್ಕಳಿಗಾಗಿ ಕಿಂಗ್ಸ್‌ವುಡ್ ಶಾಲೆ ಎದ್ದಾಗ ಇಡೀ ಕುಟುಂಬ ಕೆಲಸಕ್ಕಿಳಿಯಿತು. ಕಟ್ಟಡ ಅಪ್ಪನದು, ಪರದೆ ಜಮಖಾನೆ ಅಮ್ಮನವು, ಕುರ್ಚಿ ಮೇಜು ಇಪ್ಪತ್ತರ ಹರೆಯದ ಮಗ ಈರೋನವು, ಒಳಾಂಗಣದ ಬಣ್ಣಗಾರಿಕೆ ಮಗಳು ಪಿಪ್ಸನ್‌ಳದು. ಕೆರೆಯಂಚಿಗೆ ತಗ್ಗಾಗಿ ಉದ್ದಕ್ಕೆ ಚಾಚಿಕೊಂಡ ಆ ಕಟ್ಟಡದ ತಾಮ್ರದ ಚಾವಣಿ ವರ್ಷವರ್ಷಕ್ಕೂ ಹಸಿರೇರಿ ಈಗ ಸುತ್ತಲಿನ ಮರದೊಳಗೆ ಸೇರಿಹೋದಂತಿದೆ. ಊಟದ ಹಜಾರದಲ್ಲಿ ಎಲಿಯೆಲ್ ಮತ್ತು ಲೋಯಾ ಜೊತೆಯಾಗಿ ರೂಪಿಸಿದ, ವಸಂತದ ಹಬ್ಬದ ರಾಣಿಯನ್ನು ಚಿತ್ರಿಸುವ 1932ರ ದೊಡ್ಡ ನೇಯ್ಗೆ ತೂಗುತ್ತದೆ. ಹದಿನಾಲ್ಕರ ಹುಡುಗಿ ದಿನವೂ ಅದರ ಕೆಳಗೆ ಕೂತು ಉಂಡರೆ ಕಣ್ಣು ಏನನ್ನು ರೂಢಿಮಾಡಿಕೊಳ್ಳಬಹುದು! ಸಾಗಿನಾ ಪಟ್ಟಣದಿಂದ ಬಂದ ಅನಾಥ ಹುಡುಗಿಯೊಬ್ಬಳು ಹಾಗೆ ಉಂಡಳು. ಸಾರಿನೆನ್ ಮನೆಯವರು ಅವಳನ್ನು ತಮ್ಮವಳೆಂದೇ ಕಂಡರು. ಮುಂದೆ ಅವಳು ಫ್ಲಾರೆನ್ಸ್ ನೋಲ್ ಆಗಿ, ಅಮೆರಿಕದ ಕಚೇರಿಯೊಳಗಿನ ನೋಟವನ್ನೇ ಬದಲಿಸಿದಳು. ಶಾಲೆಯಲ್ಲಿ ಮಗ್ಗಗಳು ಇವತ್ತಿಗೂ ಇವೆ, ಮಕ್ಕಳು ಇವತ್ತಿಗೂ ನೇಯುತ್ತಾರೆ.

ಎಲ್ಲವೂ ಉಳಿಯಲಿಲ್ಲ. ಬೂತ್ ಕರೆಸಿಟ್ಟುಕೊಂಡಿದ್ದ ಬೆಳ್ಳಿ ಕೆಲಸದವರು, ಪುಸ್ತಕಕ್ಕೆ ರಟ್ಟು ಕಟ್ಟುವವರು, ಬಡಗಿಗಳು ದುಡಿಯುತ್ತಿದ್ದ ಕಾರ್ಯಾಗಾರಗಳು ಮೂವತ್ತರ ದಶಕದ ಆರ್ಥಿಕ ಕುಸಿತದಲ್ಲಿ ಬಹುಪಾಲು ಮುಚ್ಚಿದವು. ಅದೇ 1932–33ರಲ್ಲಿ, ವುಡ್‌ವರ್ಡ್ ರಸ್ತೆಯ ಡೆಟ್ರಾಯಿಟ್ ಕಲಾ ಸಂಗ್ರಹಾಲಯದ ಗೋಡೆಗಳ ಮೇಲೆ ಡಿಯಾಗೋ ರಿವೇರಾ ಫೋರ್ಡ್ ಕಾರ್ಖಾನೆಯ ಕಾರ್ಮಿಕರನ್ನು ಚಿತ್ರಿಸುತ್ತಿದ್ದ. ಬ್ಲೂಮ್‌ಫೀಲ್ಡ್‌ನ ಸೊಬಗನ್ನು ಮನಸಾರೆ ಸವಿಯಬೇಕೆನ್ನುವವರು ಆ ಬಾಗಿದ ಬೆನ್ನುಗಳನ್ನೂ ನೋಡಿಬರಬೇಕು, ಹಣ ಬಂದದ್ದು ಅಲ್ಲಿಂದ. ಡೆಟ್ರಾಯಿಟ್ ಸುತ್ತಿನ ಎಷ್ಟೋ ಬಡಾವಣೆಗಳ ಕ್ರಯಪತ್ರಗಳಲ್ಲಿ ಕಪ್ಪು ಜನಕ್ಕೆ ಮನೆ ಮಾರಕೂಡದೆಂಬ ಷರತ್ತಿರುತ್ತಿತ್ತು; ನ್ಯಾಯಾಲಯಗಳು ಅದನ್ನು ಜಾರಿಗೊಳಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು ಹೇಳಿದ್ದು 1948ರಲ್ಲಿ. ಇಷ್ಟು ತಿಳಿದೂ ಸಾರಿನೆನ್‌ನ ಮೇಜು ನನಗೆ ಚೆಂದವಾಗಿಯೇ ಕಾಣುತ್ತದೆ. ತಿಳಿದ ಮೇಲೆ ಅದರ ಗುಂಡು ಆಕಾರಕ್ಕೆ ಇನ್ನೂ ಹೆಚ್ಚು ಅರ್ಥ ಬಂದಂತೆ ತೋರುತ್ತದೆ.

ಕ್ರ್ಯಾನ್‌ಬ್ರುಕ್‌ನಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಮಾತ್ರ ಬಯಲಿನಲ್ಲಿದೆ. 1942ರಲ್ಲಿ ಮುಗಿದ ಸಂಗ್ರಹಾಲಯ ಒಂದು ಕಡೆ, ಗ್ರಂಥಾಲಯ ಒಂದು ಕಡೆ, ನಡುವೆ ಎತ್ತರದ ಕಂಬಗಳ ತೆರೆದ ಮಂಟಪ. ಅದರ ಮುಂದೆ ಓರ್ಫಿಯಸ್ ಕಾರಂಜಿ. ಸ್ವೀಡನ್ನಿನ ಶಿಲ್ಪಿ ಕಾರ್ಲ್ ಮಿಲ್ಲೆಸ್ 1931ರಿಂದ ಇಪ್ಪತ್ತು ವರ್ಷ ಇಲ್ಲಿದ್ದ. ಸ್ಟಾಕ್‌ಹೋಮ್‌ನ ಸಂಗೀತ ಭವನದ ಮುಂದೆ ಆತನದೇ ಓರ್ಫಿಯಸ್ ಇದ್ದಾನೆ. ಅಲ್ಲಿ ಗ್ರೀಕ್ ಪುರಾಣದ ಆ ವಾದಕ ನಡುವೆ ಭಾರೀ ಎತ್ತರಕ್ಕೆ ನಿಂತಿದ್ದರೆ, ಅವನ ಸುತ್ತ ಎಂಟು ಮಂದಿ ಕೇಳುಗರು. ಇಲ್ಲಿ ಆ ಎಂಟು ಮಂದಿ ಮಾತ್ರ ಇದ್ದಾರೆ, ಓರ್ಫಿಯಸ್ ಇಲ್ಲ.

ಕಂಚಿನ ಎಂಟು ನಗ್ನ ದೇಹಗಳು ಕೊಳದ ಮೇಲೆ ಬಳೆಯಾಕಾರದಲ್ಲಿ ನಿಂತಿವೆ. ಪಾದ ನೆಲಕ್ಕೆ ಅಂಟಿಲ್ಲ. ಹೆಬ್ಬೆರಳು ಬಿಟ್ಟು ಇನ್ನೇನು ಮೇಲೇಳಬೇಕು ಎನ್ನುವ ಹೊತ್ತು. ಒಬ್ಬಳು ಕೈಯನ್ನು ಕಿವಿಯ ಹತ್ತಿರಕ್ಕೆ ಒಯ್ದಿದ್ದಾಳೆ, ಒಬ್ಬ ತಲೆಯನ್ನು ಹಿಂದಕ್ಕೆ ಚೆಲ್ಲಿದ್ದಾನೆ. ಒಂದು ಮುಖದಲ್ಲಿ ಬೀಥೋವನ್‌ನ ಹೋಲಿಕೆ ಇದೆ. ಕಿವುಡನಾದ ಸಂಗೀತಗಾರನನ್ನು ಕೇಳುಗರ ಸಾಲಿನಲ್ಲಿ ನಿಲ್ಲಿಸಿದ ಮಿಲ್ಲೆಸ್‌ನ ಮನಸ್ಸಿಗೆ ನಾನು ಕೈಮುಗಿಯುತ್ತೇನೆ. ನುಡಿಸುವವನನ್ನು ತೆಗೆದುಬಿಟ್ಟರೂ ಸಂಗೀತ ಉಳಿಯುತ್ತದೆ, ಕೇಳುವವರ ಮೈಯಲ್ಲಿ ಉಳಿಯುತ್ತದೆ. ನಮ್ಮ ಆಲಂಕಾರಿಕರು ಸಹೃದಯನಿಗೆ ಕೊಟ್ಟ ಸ್ಥಾನವನ್ನು ಕಂಚಿನಲ್ಲಿ ಇಷ್ಟು ಸ್ಪಷ್ಟವಾಗಿ ನಾನು ಇನ್ನೆಲ್ಲೂ ಕಂಡಿಲ್ಲ. ಸ್ಟಾಕ್‌ಹೋಮ್‌ನದು ಭವ್ಯ, ಒಪ್ಪುತ್ತೇನೆ. ಆದರೆ ಹೆಚ್ಚು ರಸವಿರುವುದು ಇಲ್ಲಿಯದರಲ್ಲಿ.

ಈ ಸೀಮೆಯಲ್ಲಿ ಕನ್ನಡಿಗರಿಗೆ ಕೊರತೆಯಿಲ್ಲ. ಟ್ರಾಯ್, ನೋವೈ, ಫಾರ್ಮಿಂಗ್‌ಟನ್ ಹಿಲ್ಸ್ ಕಡೆ ಮೋಟಾರು ಕಂಪನಿಗಳಲ್ಲಿ ದುಡಿಯುವ ನಮ್ಮವರು ನೆಲೆಸಿದ್ದಾರೆ, ಆದಿಕವಿಯ ಹೆಸರು ಹೊತ್ತ ಪಂಪ ಕನ್ನಡ ಕೂಟ ಇಲ್ಲಿಯದೇ. ಊರಿನಿಂದ ಬಂದ ಅಪ್ಪ ಅಮ್ಮನನ್ನು ನಯಾಗರಕ್ಕೆ ಕರೆದೊಯ್ಯುವವರು ಒಂದು ಮಧ್ಯಾಹ್ನವನ್ನು ಈ ಕೊಳಕ್ಕೂ ಎತ್ತಿಡಲಿ ಎಂದು ನನ್ನ ಒತ್ತಾಯದ ಬಿನ್ನಹ.

ಭಾರತಕ್ಕೂ ಈ ಜಾಗಕ್ಕೂ ಇನ್ನೊಂದು ನಂಟಿದೆ. 1938ರಲ್ಲಿ ಚಾರ್ಲ್ಸ್ ಈಮ್ಸ್ ಎಂಬ ತರುಣ ಇಲ್ಲಿಗೆ ಓದಲು ಬಂದ. ಅವನೂ ಈರೋ ಸಾರಿನೆನ್ನೂ ಸೇರಿ ಬಾಗಿಸಿದ ಪ್ಲೈವುಡ್ಡಿನ ಕುರ್ಚಿಗಳನ್ನು ಮಾಡಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಸ್ಪರ್ಧೆ ಗೆದ್ದರು. ಅವನು ರೇ ಎಂಬ ಚಿತ್ರಕಾರ್ತಿಯನ್ನು ಕಂಡದ್ದೂ ಇಲ್ಲೇ, 1941ರಲ್ಲಿ ಮದುವೆಯಾದರು. 1958ರಲ್ಲಿ ಭಾರತ ಸರ್ಕಾರದ ಕರೆಯ ಮೇರೆಗೆ ಈ ಗಂಡಹೆಂಡಿರು ನಮ್ಮ ದೇಶ ಸುತ್ತಿ ಒಂದು ವರದಿ ಬರೆದರು, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿದ್ದು ಅದರಿಂದ. ದೇಶವೆಲ್ಲ ನೋಡಿದವರು ಮನಸೋತು ಬರೆದದ್ದು ದಿನಬಳಕೆಯ ತಂಬಿಗೆಯ ಬಗ್ಗೆ. ಹಿಡಿಯುವ ಕೈಗೆ ಅದರ ಕಂಠ ಎಷ್ಟು ಒಪ್ಪಬೇಕು, ತುಂಬಿದಾಗ ತೂಕ ಎಲ್ಲಿ ಕೂರಬೇಕು, ನೀರು ಹೇಗೆ ಸುರಿಯಬೇಕು, ತೊಳೆಯುವುದು ಹೇಗೆ, ತಟ್ಟಿದರೆ ನಾದ ಹೇಗೆ ಎಂದು ಒಂದೊಂದನ್ನೂ ಬಿಡಿಸಿ ನೋಡಿದರು. ಸಾರಿನೆನ್ ಮನೆಯಲ್ಲಿ ಎಲಿಯೆಲ್ ವಿನ್ಯಾಸ ಮಾಡಿದ, ಚೆಂಡಿನಷ್ಟು ಗುಂಡಗಿನ ಚಹಾ ಪಾತ್ರೆಯೊಂದಿದೆ. ಆ ಪಾತ್ರೆಯ ಊರಿನಲ್ಲಿ ಪಳಗಿದ ಕಣ್ಣಿಗೆ ನಮ್ಮ ತಂಬಿಗೆ ದಕ್ಕಿತು ಎನ್ನುವುದರಲ್ಲಿ ನನಗೆ ಅಚ್ಚರಿಯಿಲ್ಲ.

ಬ್ಲೂಮ್‌ಫೀಲ್ಡ್ ಸೀಮೆಯಲ್ಲೇ, ಕ್ರ್ಯಾನ್‌ಬ್ರುಕ್‌ನಿಂದ ಕೆಲವೇ ನಿಮಿಷದ ದಾರಿಯಲ್ಲಿ, ಕೊಳದ ದಂಡೆಗೆ ಇನ್ನೊಂದು ಮನೆ ಇದೆ. ಕಟ್ಟಿಸಿದವರು ಸಿರಿವಂತರಲ್ಲ, ಡೆಟ್ರಾಯಿಟ್‌ನ ಸಾರ್ವಜನಿಕ ಶಾಲೆಗಳ ಮೇಷ್ಟ್ರುಗಳು: ಮೆಲ್ವಿನ್ ಸ್ಮಿತ್ ಮತ್ತು ಸಾರಾ ಸ್ಮಿತ್. ಕಾಲೇಜಿನ ಪಾಠವೊಂದರಲ್ಲಿ ಫ್ರಾಂಕ್ ಲಾಯ್ಡ್ ರೈಟ್‌ನ ಜಲಪಾತದ ಮೇಲಿನ ಮನೆಯ ಚಿತ್ರ ನೋಡಿದ ಮೆಲ್ವಿನ್, ಕಟ್ಟಿಸಿದರೆ ಆತನಿಂದಲೇ ಮನೆ ಎಂದು ನಿಶ್ಚಯಿಸಿದ್ದ. 1941ರಲ್ಲಿ ದಂಪತಿ ರೈಟ್‌ನನ್ನು ಹೋಗಿ ಕಂಡರು, ಆತ ಒಪ್ಪಿದ. ನಡುವೆ ಯುದ್ಧ ಬಂತು. ಮೆಲ್ವಿನ್ ಸೈನ್ಯಕ್ಕೆ ಹೋಗಿ ಬಂದ, ಜಾಗ ಹುಡುಕಿದ, ಖರ್ಚು ಉಳಿಸಲು ಕೆಲಸದ ಮೇಲ್ವಿಚಾರಣೆಯನ್ನು ತಾನೇ ಹೊತ್ತ. 1950ರಲ್ಲಿ ಮನೆ ಮುಗಿಯಿತು. ಸೈಪ್ರೆಸ್ ಮರ, ಇಟ್ಟಿಗೆ, ಕೆಂಪು ಕಾಂಕ್ರೀಟಿನ ನೆಲ. ಸೂರಿನ ಕೆಳಗಿನ ಕಿರುಗಿಂಡಿಗಳಿಂದ ಬೆಳಕು ತುಂಡುತುಂಡಾಗಿ ಒಳಗಿಳಿಯುತ್ತದೆ. ಕೋಣೆಗಳು ಚಿಕ್ಕವು, ಆದರೆ ಕೊಳದ ಕಡೆಯ ಗಾಜಿನ ಗೋಡೆಯಿಂದಾಗಿ ಹೊರಗಿನ ಹಸಿರೆಲ್ಲ ಒಳಕ್ಕೆ ಬಂದು ಕೂರುತ್ತದೆ. ಸಂಬಳದ ಹಣದಲ್ಲಿ ಅವರು ಕ್ರ್ಯಾನ್‌ಬ್ರುಕ್‌ನ ಕಲಾವಿದರ ಕೆಲಸಗಳನ್ನು ಒಂದೊಂದಾಗಿ ತಂದು ಆ ಮನೆ ತುಂಬಿಸುತ್ತ ಹೋದರು. 2017ರಿಂದ ಮನೆ ಕ್ರ್ಯಾನ್‌ಬ್ರುಕ್‌ನ ಸುಪರ್ದಿಯಲ್ಲಿದೆ. ಬೇಸಿಗೆಯಲ್ಲಿ ಹೋಗುವವರು ಮೊದಲೇ ಟಿಕೆಟ್ ಕಾದಿರಿಸಿ ಎರಡು ಮನೆಗಳನ್ನೂ ನೋಡಲಿ. ನನ್ನನ್ನು ಕೇಳಿದರೆ ಬೆಳಿಗ್ಗೆ ಸಾರಿನೆನ್‌ನದು, ಬಿಸಿಲು ಓರೆಯಾದ ಮೇಲೆ ಮೇಷ್ಟ್ರದು.